ಚೀ ಎಂದರೆ ಪ್ರಾಣವಲ್ಲ: ಅಕ್ಯುಪಂಕ್ಚರ್ ಓದುವವರಿಗೆ ಟಿಪ್ಪಣಿ

ಚೀನೀ ಸೂಜಿಚಿಕಿತ್ಸೆಯಾದ ಅಕ್ಯುಪಂಕ್ಚರ್ ಓದಲು ಕೂತ ಮೊದಲ ವಾರ ನಾನು ಪುಸ್ತಕದ ಅಂಚಿನಲ್ಲಿ ಆಯುರ್ವೇದದ ಪದಗಳನ್ನು ಬರೆದುಕೊಳ್ಳುತ್ತಿದ್ದೆ. ಮೈಯಲ್ಲಿ ಹರಿಯುತ್ತದೆ ಎನ್ನುವ ಶಕ್ತಿ 'ಚೀ' ಎದುರಿಗೆ ಪ್ರಾಣ, ಅದು ಹರಿಯುವ ಮಾರ್ಗ 'ಜಿಂಗ್‌ಮೈ' ಎದುರಿಗೆ ನಾಡಿ, ಐದು ನಡೆಗಳಾದ 'ವೂ ಶಿಂಗ್' ಎದುರಿಗೆ ಪಂಚಭೂತ. ನೀವೂ ಬರೆದುಕೊಂಡಿದ್ದರೆ ಮೂರನ್ನೂ ಹೊಡೆದುಹಾಕಿ.

ವೂ ಶಿಂಗ್‌ನಲ್ಲಿರುವುದು ಮರ, ಬೆಂಕಿ, ಮಣ್ಣು, ಲೋಹ, ನೀರು. ನಮ್ಮ ಗಾಳಿ, ಆಕಾಶ ಅಲ್ಲಿಲ್ಲ. ವ್ಯತ್ಯಾಸ ಬರೀ ಪಟ್ಟಿಯದಲ್ಲ. ಪಂಚಭೂತಗಳು ಜಗತ್ತು ಯಾವುದರಿಂದ ಆಗಿದೆ ಎಂದು ಹೇಳುತ್ತವೆ. ಶಿಂಗ್ ಎಂಬ ಪದಕ್ಕೆ ನಡೆ, ಸಾಗು ಎಂಬ ಅರ್ಥ. ಮರ ಉರಿದು ಬೆಂಕಿಯಾಗುತ್ತದೆ, ಬೆಂಕಿ ಬೂದಿಯಾಗಿ ಮಣ್ಣಾಗುತ್ತದೆ; ನೀರು ಬೆಂಕಿಯನ್ನು ಅಡಗಿಸುತ್ತದೆ. ಯಕೃತ್ತು ಮರಕ್ಕೆ, ಹೃದಯ ಬೆಂಕಿಗೆ, ಗುಲ್ಮ ಮಣ್ಣಿಗೆ, ಶ್ವಾಸಕೋಶ ಲೋಹಕ್ಕೆ, ಮೂತ್ರಪಿಂಡ ನೀರಿಗೆ ಸೇರುತ್ತವೆ. ಹಾಗೆಂದು ಚೀನೀ ವೈದ್ಯ 'ಮೂತ್ರಪಿಂಡ ದುರ್ಬಲ' ಎಂದರೆ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಏರಿದೆ ಎಂದಲ್ಲ. ಮೂಳೆ, ಕಿವಿ, ಸಂತಾನಶಕ್ತಿ ಎಲ್ಲವೂ ಆ ಒಂದೇ ಹೆಸರಿನಡಿ ಬರುತ್ತವೆ.

ಇನ್ನು ಜಿಂಗ್‌ಮೈ, ಅಂದರೆ ಮಾರ್ಗಗಳು. ಈಗಿನ ಪಠ್ಯದಲ್ಲಿ ಮುಖ್ಯವಾದವು 12, ಜೊತೆಗೆ ಬೆನ್ನಿನ ನಡುವಿನ ದೂ, ಎದೆಹೊಟ್ಟೆಯ ನಡುವಿನ ರೆನ್; ಇವುಗಳ ಮೇಲೆ ಸೂಜಿ ಚುಚ್ಚುವ 361 ಬಿಂದುಗಳು. ಮೊದಲಿನಿಂದಲೂ ಲೆಕ್ಕ ಹೀಗಿರಲಿಲ್ಲ. ಕ್ರಿ.ಪೂ. 168ರಲ್ಲಿ ಮುಚ್ಚಿದ, ಚೀನಾದ ಮಾವಾಂಗ್‌ದುಯಿ ಸಮಾಧಿಯಿಂದ 1973ರಲ್ಲಿ ಸಿಕ್ಕ ರೇಷ್ಮೆಯ ಹಸ್ತಪ್ರತಿಗಳಲ್ಲಿ ಮಾರ್ಗಗಳು 11. ಅವಕ್ಕೆ ಹೇಳಿದ ಚಿಕಿತ್ಸೆ ಶಾಖ: ನಮ್ಮ ಮಾಚಿಪತ್ರೆಯ ಜಾತಿಯ ಒಣಎಲೆಯನ್ನು ಉರಿಸಿ ಕಾವು ಕೊಡುವುದು. ಸೂಜಿ ಚುಚ್ಚುವ ಮಾತಿಲ್ಲ. ಅದು ವಿಸ್ತಾರವಾಗಿ ಬರುವುದು ಚೀನೀ ವೈದ್ಯದ ಮೂಲಗ್ರಂಥ 'ಹುವಾಂಗ್‌ದಿ ನೈಜಿಂಗ್'ನಲ್ಲಿ. ಅಂದರೆ ಗೆರೆ ಮೊದಲು, ಸೂಜಿ ಆಮೇಲೆ. ನನಗೆ ಇದು ಇಡೀ ಪಾಠದಲ್ಲೇ ಅತಿ ಉಪಯುಕ್ತ ಸಂಗತಿ ಅನ್ನಿಸಿತು. ಬಿಂದುಗಳನ್ನು ಉರುಹೊಡೆಯುವ ಮುನ್ನ ಮಾರ್ಗದ ದಾರಿ ಕಲಿಯಿರಿ.

ಬಿಂದು ಹುಡುಕಲು ಸ್ಕೇಲ್ ಬೇಡ. ಅಳತೆಯ ಮಾನ ತ್ಸುನ್: ರೋಗಿಯ ಹೆಬ್ಬೆರಳಿನ ಅಗಲ 1 ತ್ಸುನ್, ಸೇರಿಸಿದ ನಾಲ್ಕು ಬೆರಳಿನ ಅಗಲ 3 ತ್ಸುನ್. ಓಕರಿಕೆಗೆ ಬಳಸುವ ನೈಗ್ವಾನ್ ಬಿಂದು, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ 2 ತ್ಸುನ್, ಎರಡು ಸ್ನಾಯುರಜ್ಜುಗಳ ನಡುವೆ. ನಿಮ್ಮ ಬೆರಳಲ್ಲಿ ಅಳೆದರೆ ತಪ್ಪುತ್ತದೆ. ರೋಗಿಯ ಬೆರಳಿನಿಂದಲೇ ಅಳೆಯುವ ಆಯುರ್ವೇದದ ಸ್ವಾಂಗುಲ ಪ್ರಮಾಣವೂ ಹೀಗೆಯೇ, ಇಲ್ಲಿ ಮಾತ್ರ ಅಂಚಿನಲ್ಲಿ ಬರೆದುಕೊಳ್ಳಬಹುದು.

ಈ ನಿಖರತೆಗಾಗಿಯೇ 1027ರಲ್ಲಿ ವೈದ್ಯ ವಾಂಗ್ ವೈಯಿ ಚೀನಾದ ಸೋಂಗ್ ಅರಸರಿಗಾಗಿ, ಬಿಂದುಗಳ ಜಾಗದಲ್ಲಿ ರಂಧ್ರಗಳಿದ್ದ ಕಂಚಿನ ಮನುಷ್ಯರನ್ನು ಮಾಡಿಸಿದ. ಪರೀಕ್ಷೆಯ ದಿನ ಮೈಗೆ ಮೇಣ ಬಳಿದು ಒಳಗೆ ನೀರು ತುಂಬುತ್ತಿದ್ದರಂತೆ. ಸೂಜಿ ಸರಿಯಾದ ರಂಧ್ರಕ್ಕೆ ಇಳಿದರೆ ನೀರು ಜಿನುಗುತ್ತಿತ್ತು.

ಇದರ ಪಕ್ಕದಲ್ಲೇ 2007ರ ಜರ್ಮನ್ ಪ್ರಯೋಗವನ್ನು ಇಟ್ಟು ನೋಡಿ. ಸೊಂಟನೋವಿನ 1162 ರೋಗಿಗಳಲ್ಲಿ, ಆರು ತಿಂಗಳ ಬಳಿಕ, ಪಾಠದಂತೆ ಸೂಜಿ ಚುಚ್ಚಿಸಿಕೊಂಡವರಲ್ಲಿ 47.6% ಮಂದಿಗೆ ಗುಣ ಕಂಡಿತು. ಔಷಧ, ವ್ಯಾಯಾಮಗಳ ಮಾಮೂಲಿ ಚಿಕಿತ್ಸೆಯಲ್ಲಿ 27.4%. ಬಿಂದುವಲ್ಲದ ಜಾಗದಲ್ಲಿ, ಆಳಕ್ಕೆ ಇಳಿಸದೆ ಚುಚ್ಚಿಸಿಕೊಂಡವರಲ್ಲಿ 44.2%. ಹಾಗೆ ಚುಚ್ಚಿದವರು ಕಂಚಿನ ಮನುಷ್ಯನ ಮುಂದೆ ಖಂಡಿತ ಫೇಲಾಗುತ್ತಿದ್ದರು.