ನೈಟ್ರೋಜನ್ ಅಣು: ಕಳೆದು ನೋಡಿದಾಗ ಸಿಗುವ ಮಟ್ಟಗಳು

ಗಾಜಿನ ಕೊಳವೆಯನ್ನು ಪಂಪ್ ಹಾಕಿ ಖಾಲಿ ಮಾಡಿ, ಒಳಗೆ ಚೂರು ನೈಟ್ರೋಜನ್ ಬಿಟ್ಟು ಹೈ ವೋಲ್ಟೇಜ್ ಕೊಟ್ಟರೆ, ನಸುಗೆಂಪು ನೇರಳೆ ಬೆಳಕು ತುಂಬಿಕೊಳ್ಳುತ್ತದೆ. ಬರಿಗಣ್ಣಿಗೆ ಅಷ್ಟೇ. ಅದೇ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರ್‌ಗೆ ಬಿಟ್ಟರೆ ನೇರಳೆಯ ಆಚೆಗೆ ಪಟ್ಟಿಗಳ ಸಾಲು ಕಾಣುತ್ತದೆ: 337.1, 357.7, 380.5 ನ್ಯಾನೊಮೀಟರ್. ಪ್ರತಿ ಪಟ್ಟಿಗೂ ಒಂದು ಬದಿ ಕತ್ತರಿಸಿದಂತೆ ಚೂಪು ಅಂಚು, ಇನ್ನೊಂದು ಬದಿ ಮಸುಕಾಗುತ್ತಾ ಹೋಗುವ ಬಾಲ. ಬಾಲ ಇರುವುದು ಚಿಕ್ಕ ತರಂಗಾಂತರದ ಕಡೆಗೆ. ಒಮ್ಮೆ ಕಣ್ಣು ಪಳಗಿದರೆ ಇದನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಹುದು. ಆರ್ಗಾನ್ ಪ್ಲಾಸ್ಮಾದಲ್ಲಿ 337 ತಲೆ ಎತ್ತಿತೆಂದರೆ ಹೊರಗಿನ ಗಾಳಿ ಒಳಗೆ ಬರುತ್ತಿದೆ ಎಂದೇ ಅರ್ಥ, ನಾನು ಮೊದಲು ಹುಡುಕುವುದು ಲೀಕ್ ಎಲ್ಲಿದೆ ಅಂತ.

ಅಣು ಸಿ ಎಂಬ ಮೇಲಿನ ಶಕ್ತಿಮಟ್ಟದಿಂದ ಬಿ ಎಂಬ ಕೆಳಗಿನ ಶಕ್ತಿಮಟ್ಟಕ್ಕೆ ಇಳಿಯುವಾಗ ಈ ಪಟ್ಟಿಗಳು ಹುಟ್ಟುತ್ತವೆ. ಬಿ ಒಂದೇ ಮೆಟ್ಟಿಲಲ್ಲ. ಅಣು ಕಂಪಿಸುತ್ತಲೇ ಇರುವುದರಿಂದ ಅದರೊಳಗೆ ಕಂಪನದ ಮೆಟ್ಟಿಲುಗಳಿವೆ. ನಮ್ಮ ಮೂರೂ ಪಟ್ಟಿಗಳು ಸಿಯ ಒಂದೇ ಮೆಟ್ಟಿಲಿಂದ ಹೊರಟು ಬಿಯ ಬೇರೆ ಬೇರೆ ಮೆಟ್ಟಿಲಿಗೆ ಬಂದಿಳಿದಿವೆ. ಹಾಗಾದರೆ ಬಿಯ ಮೆಟ್ಟಿಲುಗಳ ಎತ್ತರ ತಿಳಿಯಲು ಒಂದರಿಂದ ಇನ್ನೊಂದನ್ನು ಕಳೆದರೆ ಸಾಕು, ಅಲ್ವಾ?

ಸಾಕು. ಆದರೆ ನ್ಯಾನೊಮೀಟರ್‌ನಲ್ಲಿ ಕಳೆಯಬಾರದು. ಹೊಸಬರು ಎಡವುವುದು ಇಲ್ಲೇ. ಮೇಲಿನ ಸಂಖ್ಯೆಗಳ ಅಂತರ ನೋಡಿ: ಮೊದಲು 20.6, ಆಮೇಲೆ 22.8. ಮೆಟ್ಟಿಲು ದೊಡ್ಡದಾಗುತ್ತಿದೆ ಅನಿಸುತ್ತದೆ. ಈಗ ಒಂದು ಸೆಂಟಿಮೀಟರ್‌ನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಎಂದು ಲೆಕ್ಕ ಹಾಕಿ. ಶಕ್ತಿಗೆ ನೇರ ಸಂಬಂಧ ಇರುವುದು ಈ ತರಂಗಸಂಖ್ಯೆಗೆ. ಆಗ ಮೊದಲ ಅಂತರ ಸುಮಾರು 1705, ಎರಡನೆಯದು ಸುಮಾರು 1675. ಮೆಟ್ಟಿಲು ಕುಗ್ಗುತ್ತಿದೆ! ಜಾಸ್ತಿ ಎಳೆದಂತೆಲ್ಲ ಅಣುವಿನ ಬಂಧ ಸಡಿಲವಾಗುತ್ತದೆ ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಆ 30ರ ವ್ಯತ್ಯಾಸ.

ನಾನೂ ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇನೆ. ಪಟ್ಟಿಗಳ ಜಾಗ ಪುಸ್ತಕದಲ್ಲಿ ಕೊಟ್ಟ ಸಂಖ್ಯೆಗಿಂತ ಎಂಟೊಂಬತ್ತು ತರಂಗಸಂಖ್ಯೆ ಮೇಲೆ ಬರುತ್ತಿತ್ತು. ಪಾದರಸದ ದೀಪ ಇಟ್ಟು ಮತ್ತೆ ಮತ್ತೆ ಕ್ಯಾಲಿಬ್ರೇಷನ್ ಮಾಡಿದೆ, ಸ್ಲಿಟ್ ಬಿಚ್ಚಿ ಜೋಡಿಸಿದೆ. ಕೊನೆಗೆ ನೋಡಿದರೆ ನಾನು ಅಳೆದದ್ದು ಗಾಳಿಯಲ್ಲಿನ ತರಂಗಾಂತರ. ಅದನ್ನು ನಿರ್ವಾತದಲ್ಲಿನ ತರಂಗಾಂತರಕ್ಕೆ ತಿದ್ದಿರಲೇ ಇಲ್ಲ. ಗಾಳಿ ಬೆಳಕನ್ನು ನಿಧಾನಿಸುವುದು ಹತ್ತು ಸಾವಿರದಲ್ಲಿ ಮೂರು ಪಾಲು ಮಾತ್ರ. ಆದರೂ 337ರ ಪಟ್ಟಿಯ ತರಂಗಸಂಖ್ಯೆಗೆ, ಅಂದರೆ 29,650ರ ಆಸುಪಾಸಿನ ಸಂಖ್ಯೆಗೆ, ಅದು ಎಂಟೂವರೆಯಷ್ಟಾಗುತ್ತದೆ. ಅಂತರಗಳು ಮಾತ್ರ ಆಗಲೂ ಸರಿಯಾಗೇ ಇದ್ದವು, ತಪ್ಪು ಎಲ್ಲ ಪಟ್ಟಿಯಲ್ಲೂ ಹೆಚ್ಚುಕಡಿಮೆ ಒಂದೇ ಇತ್ತಲ್ಲ.

ತೀರಾ ಕೆಳಗಿನ ಮಟ್ಟದಲ್ಲಿ, ಅಂದರೆ ನಾವು ಉಸಿರಾಡುವ ಸಾಮಾನ್ಯ ನೈಟ್ರೋಜನ್‌ನಲ್ಲಿ, ಕಂಪನದ ಮೊದಲ ಮೆಟ್ಟಿಲು 2330. ಬಿಯಲ್ಲಿ 1705. ಬಂಧದ ಬಿಗಿ ಈ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ, ಹಾಗಾಗಿ ಎರಡನ್ನೂ ವರ್ಗ ಮಾಡಿ ಹೋಲಿಸಿದರೆ ಅದು ಬಿಯಲ್ಲಿ ಸುಮಾರು ಅರ್ಧಕ್ಕೆ ಇಳಿದಿರುವುದು ಗೊತ್ತಾಗುತ್ತದೆ. ಒಂದೇ ಒಂದು ಎಲೆಕ್ಟ್ರಾನ್ ಮೇಲೇರಿದ್ದಕ್ಕೆ ಇಷ್ಟು.

ಈ 2330 ಇನ್‌ಫ್ರಾರೆಡ್‌ನಲ್ಲಿ ಸಿಗುವುದಿಲ್ಲ. ಎರಡೂ ತುದಿಯಲ್ಲಿ ಒಂದೇ ಬಗೆಯ ಪರಮಾಣು ಇರುವುದರಿಂದ ಕಂಪಿಸಿದರೂ ಒಂದು ತುದಿ ಧನ, ಇನ್ನೊಂದು ಋಣ ಎಂಬ ವಿದ್ಯುತ್ ಧ್ರುವ ಏಳುವುದಿಲ್ಲ, ಅದಿಲ್ಲದೆ ಇನ್‌ಫ್ರಾರೆಡ್ ಬೆಳಕನ್ನು ಹೀರುವುದೂ ಇಲ್ಲ. ಅದನ್ನು ಸುಲಭವಾಗಿ ಹಿಡಿಯುವುದು ರಾಮನ್ ಚದುರಿಕೆ. ಲೇಸರ್ ಬಿಟ್ಟು, ಚದುರಿದ ಬೆಳಕಿನ ತರಂಗಸಂಖ್ಯೆ ಎಷ್ಟು ಜರುಗಿದೆ ಎಂದು ನೋಡುತ್ತೇವೆ. ಇಲ್ಲೂ ಮತ್ತೆ ಕಳೆಯುವ ಲೆಕ್ಕವೇ.

ಅಣು ಬುಗುರಿಯಂತೆ ತಿರುಗುವುದರಿಂದ ಬರುವ ರಾಮನ್ ಗೆರೆಗಳು ನನಗೆ ಎಷ್ಟು ನೋಡಿದರೂ ಸಾಲದು. ಸುಮಾರು 8 ತರಂಗಸಂಖ್ಯೆಗೊಂದರಂತೆ ಬಾಚಣಿಗೆಯ ಹಲ್ಲಿನ ಹಾಗೆ ನಿಂತಿರುತ್ತವೆ. ಒಂದು ಎತ್ತರ, ಒಂದು ಗಿಡ್ಡ, ಮತ್ತೆ ಎತ್ತರ. ಅಕ್ಕಪಕ್ಕದವುಗಳ ಬಲ ಎರಡಕ್ಕೆ ಒಂದು. ರಾಮನ್ 1928ರಲ್ಲಿ ಈ ಪರಿಣಾಮವನ್ನು ಕಂಡ ಮರುವರ್ಷವೇ ಇಟಲಿಯ ಭೌತವಿಜ್ಞಾನಿ ಫ್ರಾಂಕೊ ರಸೆಟ್ಟಿ ನೈಟ್ರೋಜನ್‌ನಲ್ಲಿ ಈ ಗೆರೆಗಳನ್ನು ಅಳೆದರು. ತಿರುಗುವಿಕೆಯ ಮಟ್ಟಗಳನ್ನು 0, 1, 2 ಎಂದು ಎಣಿಸಿದರೆ, ಎತ್ತರವಾಗಿದ್ದದ್ದು ಸಮಸಂಖ್ಯೆಯ ಮಟ್ಟಗಳಿಂದ ಹೊರಟ ಗೆರೆಗಳು. ಹಾಗಿರಬೇಕಾದರೆ ನೈಟ್ರೋಜನ್ ನ್ಯೂಕ್ಲಿಯಸ್‌ನಲ್ಲಿರುವ ಕಣಗಳು ಸಮಸಂಖ್ಯೆಯಲ್ಲಿರಬೇಕು ಎಂದು ಭೌತವಿಜ್ಞಾನಿಗಳಾದ ಹೈಟ್ಲರ್ ಮತ್ತು ಹೆರ್ಟ್ಸ್‌ಬರ್ಗ್ ಅದೇ 1929ರಲ್ಲಿ ತೋರಿಸಿದರು. ಆಗಿನ ನಂಬಿಕೆಯ ಪ್ರಕಾರ ಅದರೊಳಗೆ 14 ಪ್ರೋಟಾನ್, 7 ಎಲೆಕ್ಟ್ರಾನ್. ಒಟ್ಟು 21, ಬೆಸ. ಲೆಕ್ಕ ತಾಳೆಯಾಗಲೇ ಇಲ್ಲ. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದ ಮೇಲೆ ಗಂಟು ಬಿಚ್ಚಿತು: 7 ಪ್ರೋಟಾನ್, 7 ನ್ಯೂಟ್ರಾನ್, ಒಟ್ಟು 14.