ಸುಕ್ಕು ಬಟಾಣಿಯೂ ಸೋದರಮಾವನ ಗೋತ್ರವೂ

ತಂದೆ-ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಗುಣಕ್ಕೆ ಇಟ್ಟ ‘ದುರ್ಬಲ ಗುಣ’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಪ್ರಬಲ ಜೀನು ಪಕ್ಕದ ದುರ್ಬಲ ಜೀನನ್ನು ಅದುಮಿ ಹಿಡಿಯುತ್ತದೆಂದು ಎಷ್ಟೋ ಜನ ನಂಬಿದ್ದಾರೆ. ಅಂಥ ಕುಸ್ತಿ ಅಲ್ಲಿ ನಡೆಯುವುದೇ ಇಲ್ಲ.

ತಳಿವಿಜ್ಞಾನಕ್ಕೆ ಅಡಿಪಾಯ ಹಾಕಿದ ಗ್ರೆಗರ್ ಮೆಂಡೆಲ್‌ನ ಬಟಾಣಿಯನ್ನೇ ನೋಡಿ. 1866ರಲ್ಲಿ ಅವನು ಪ್ರಕಟಿಸಿದ ಲೆಕ್ಕದಲ್ಲಿ, ದುಂಡು-ಸುಕ್ಕು ಮಿಶ್ರತಳಿ ಗಿಡಗಳು ಕೊಟ್ಟ ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೊಂದು. ಆ ಸುಕ್ಕಿನ ಗುಟ್ಟು ಬಯಲಾದದ್ದು 1990ರಲ್ಲಿ. ಪಿಷ್ಟದ ಸರಪಳಿಗೆ ಕವಲು ಮೂಡಿಸುವ ಕಿಣ್ವದ ಜೀನಿನೊಳಗೆ ಸುಮಾರು 800 ಅಕ್ಷರಗಳ ಡಿಎನ್‌ಎ ತುಣುಕೊಂದು ನುಗ್ಗಿ ಕೂತಿತ್ತು! ಕಿಣ್ವ ಕೆಟ್ಟರೆ ಪಿಷ್ಟ ಕಡಿಮೆ, ಸಕ್ಕರೆ ಹೆಚ್ಚು. ಸಕ್ಕರೆ ನೀರೆಳೆದು ಎಳೆಗಾಳು ಉಬ್ಬುತ್ತದೆ. ಒಣಗಿದಾಗ ತಿರುಳು ಕುಗ್ಗಿ, ಹಿಗ್ಗಿದ ಸಿಪ್ಪೆ ಮಡಿಕೆ ಬೀಳುತ್ತದೆ.

ಒಂದೊಂದು ಜೀನೂ ಎರಡು ಪ್ರತಿಗಳಲ್ಲಿರುತ್ತದೆ, ತಾಯಿಯಿಂದೊಂದು, ತಂದೆಯಿಂದೊಂದು. ಅವುಗಳಲ್ಲಿ ಒಂದು ಪ್ರತಿ ಸರಿಯಿದ್ದರೆ? ಕಿಣ್ವ ಕಡಿಮೆಯಾದರೂ ಕಾಳು ದುಂಡಗಾಗಲು ಅಷ್ಟು ಸಾಕು. ಎರಡು ಬೋರ್‌ವೆಲ್‌ಗಳ ತೋಟದಲ್ಲಿ ಒಂದು ಬತ್ತಿದರೂ ಅಡಿಕೆ ಒಣಗದು. ಎರಡು ಒಲೆಗಳಲ್ಲಿ ಒಂದು ಕೆಟ್ಟರೂ ಅಡುಗೆ ನಿಲ್ಲದು. ಆದರೆ ಆ ದುಂಡು ಕಾಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಪಿಷ್ಟದ ಕಣಗಳು ಎರಡು ಬಗೆಗಳ ನಡುವಿನ ಸ್ಥಿತಿಯಲ್ಲಿ ಕಾಣುತ್ತವೆ. ಪ್ರಬಲವೋ ದುರ್ಬಲವೋ ಎಂಬುದು ನಾವು ಏನನ್ನು ಅಳೆಯುತ್ತೇವೆ ಎಂಬುದರ ಮೇಲೂ ನಿಂತಿದೆ.

ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರಕ್ತರೋಗ ಬೀಟಾ ಥಲಸ್ಸೀಮಿಯದಲ್ಲೂ ಇದೇ ಕಥೆ. ಒಂದು ಪ್ರತಿ ಮಾತ್ರ ಕೆಟ್ಟವರು ವಾಹಕರು. ಅಲ್ಪ ರಕ್ತಹೀನತೆ ಬಿಟ್ಟರೆ ಆರೋಗ್ಯವಂತರು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಮೊದಲ ಮಗುವಿಗೆ ಬಂತು, ಇನ್ನು ಮೂರು ಕ್ಷೇಮ ಎನ್ನುವುದು ಅಪಾಯದ ತಪ್ಪು.

ಅದಕ್ಕಿಂತ ದೊಡ್ಡ ತಪ್ಪು ‘ಗೋತ್ರ ಬೇರೆ, ತೊಂದರೆಯಿಲ್ಲ’ ಎಂಬ ಸಮಾಧಾನ. ಗೋತ್ರ ಎಣಿಸುವುದು ತಂದೆಯ ಸಾಲನ್ನು ಮಾತ್ರ. ಆದರೆ ಜೀನುಗಳನ್ನು ಹೊತ್ತ 46 ವರ್ಣತಂತುಗಳಲ್ಲಿ 23 ತಾಯಿಯಿಂದಲೇ ಬರುತ್ತವೆ. ಸೋದರಮಾವ ವಾಹಕನಾಗಿದ್ದರೆ ಅವನ ಅಕ್ಕನೂ ವಾಹಕಳಾಗಿರುವ ಸಾಧ್ಯತೆ 1/2, ಅಕ್ಕನ ಮಗಳು 1/4. ಸೋದರಮಾವನೂ ಅಕ್ಕನ ಮಗಳೂ ಮದುವೆಯಾದರೆ ಮಗುವಿಗೆ ರೋಗ ಬರುವ ಸಾಧ್ಯತೆ 1/16. ವಾಹಕನೊಬ್ಬ ಮದುವೆಯಾಗುವುದು ಅತ್ತೆಯ ಮಗಳನ್ನಾದರೆ 1/32. ನೂರರಲ್ಲಿ ಒಬ್ಬರು ವಾಹಕರಿರುವ ಸಮುದಾಯದಿಂದ, ನಂಟಿಲ್ಲದ ಹೆಣ್ಣನ್ನು ತಂದರೆ ಅದೇ ಲೆಕ್ಕ 1/400.

ವಾಹಕರನ್ನು ಪತ್ತೆ ಮಾಡಲು ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆ ಇದೆ; ಅದು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುತ್ತದೆ. ಹಿಮೋಗ್ಲೋಬಿನ್ ಎ2 ಪ್ರಮಾಣ ಶೇ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕರೆಂದೇ ಅರ್ಥ. ಕಬ್ಬಿಣದ ಕೊರತೆಯಿದ್ದವರಲ್ಲಿ ಈ ಅಂಕಿ ತಗ್ಗಿ, ವಾಹಕರೂ ಸರಿಯಾಗಿದ್ದಾರೆಂದು ವರದಿ ಬರಬಹುದು. ಅಂಥವರು ಕಬ್ಬಿಣದ ಮಾತ್ರೆ ಮುಗಿಸಿ ಮತ್ತೊಮ್ಮೆ ರಕ್ತ ಕೊಡಬೇಕು, ಅದೂ ನಿಶ್ಚಿತಾರ್ಥಕ್ಕೆ ಮೊದಲೇ.