ಗಂಟೆಗೆ 20 ಎಂ.ಎಲ್.

ಸೋದರಮಾವ ಐಸಿಯುನಲ್ಲಿದ್ದಷ್ಟು ದಿನವೂ ಅತ್ತೆ ಬೆಳಿಗ್ಗೆ ಫ್ಲಾಸ್ಕಿನ ತುಂಬ ರಾಗಿ ಗಂಜಿ ಹಿಡಿದು ಬಂದು ಬಾಗಿಲ ಹೊರಗೆ ಕೂರುತ್ತಿದ್ದರು. ಸಿಸ್ಟರ್ ಅದನ್ನು ಒಳಗೆ ಬಿಡುತ್ತಿರಲಿಲ್ಲ. ಮಾವನ ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್, ಅದಕ್ಕೆ ಜೋಡಿಸಿದ ಪಂಪಿನ ಮೇಲೆ ‘20’ ಎಂಬ ಅಂಕಿ. ಗಂಟೆಗೆ 20 ಎಂ.ಎಲ್. ದ್ರವ ಆಹಾರ, ಅಂದರೆ ನಾಲ್ಕು ಟೀ ಚಮಚ. ‘ಇಷ್ಟೇನೇನೋ ಹಾಕೋದು? ಉಪವಾಸ ಕೆಡವಿಬಿಟ್ಟಿದಾರಲ್ಲೋ ಅವರನ್ನ. ಒಂದೆರಡು ಬಾಟ್ಲಿ ಗ್ಲೂಕೋಸಾದ್ರೂ ಏರಿಸೋಕೆ ಹೇಳು’ ಎಂದು ನನ್ನ ಕೈ ಹಿಡಿದು ಕಣ್ಣೀರು ಹಾಕಿದರು.

ಆ ಗ್ಲೂಕೋಸ್ ಬಾಟಲಿಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ನಿತ್ರಾಣ ಎಂದು ಹೋದವರಿಗೆ ತೂಗುಹಾಕುವ ಅರ್ಧ ಲೀಟರಿನ 5% ಗ್ಲೂಕೋಸಿನಲ್ಲಿ ಇರುವುದು 25 ಗ್ರಾಂ ಸಕ್ಕರೆ. ಐದು ಚಮಚ. ನೂರರೊಳಗಿನ ಕ್ಯಾಲರಿ, ಹೆಚ್ಚೆಂದರೆ ಎರಡು ಇಡ್ಲಿಯಷ್ಟು. ಪ್ರೋಟೀನ್ ಸೊನ್ನೆ. ಎಷ್ಟೋ ಸಲ ಅದು ಗ್ಲೂಕೋಸೂ ಅಲ್ಲ, ಬರೀ ಉಪ್ಪುನೀರು. ಮೈಯಲ್ಲಿ ನೀರಿನಂಶ ಬತ್ತಿದಾಗ ಅದು ಪ್ರಾಣ ಉಳಿಸುವ ಮದ್ದು, ನಿಜ. ಆದರೆ ಅದನ್ನು ಊಟ ಎಂದು ನಂಬಿ ಕೂಲಿಯವರೂ ದುಡ್ಡು ಸುರಿಯುವುದನ್ನು ಕಂಡಾಗ ಸಂಕಟವಾಗುತ್ತದೆ.

ಹೊಟ್ಟೆಗೆ ನಳಿಕೆ ಇಳಿಸಿ ಉಣಿಸುವುದು ಹೊಸದಲ್ಲ. 1790ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಹಂಟರ್, ನುಂಗಲಾಗದ ರೋಗಿಯೊಬ್ಬನಿಗಾಗಿ ತಿಮಿಂಗಿಲದ ಬಾಯಿಯ ಬಳುಕುವ ಪಟ್ಟಿಗೆ ಹಾವುಮೀನಿನ ಚರ್ಮ ಹೊದಿಸಿ ನಳಿಕೆ ಮಾಡಿದ್ದರು. ಇಂದಿನ ಟ್ಯೂಬಿಗೆ ಹೆಸರು ಕೊಟ್ಟ ಜಾನ್ ರೈಲ್ ಬಂದದ್ದು 1921ರಲ್ಲಿ. 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾದ ಸ್ಟ್ಯಾನ್ಲಿ ಡುಡ್ರಿಕ್ ಬರೀ ರಕ್ತನಾಳದ ಮೂಲಕ ಆಹಾರ ಕೊಟ್ಟು ಬೀಗಲ್ ನಾಯಿಮರಿಗಳನ್ನು ಬೆಳೆಸಿ ತೋರಿಸಿದರು. ಅಲ್ಲಿಂದ ಮುಂದೆ ವೈದ್ಯರಿಗೂ ಅತ್ತೆಯದೇ ಆತುರ ಹತ್ತಿಕೊಂಡಿತು: ಕೊಟ್ಟಷ್ಟೂ ಒಳ್ಳೆಯದು. ಆ ಚಿಕಿತ್ಸೆಗೆ ‘ಅತಿಪೋಷಣೆ’ ಎಂಬರ್ಥದ ಹೆಸರನ್ನೇ ಇಟ್ಟಿದ್ದರು.

ಆದರೆ ಕಾಯಿಲೆ ಬಿಗಡಾಯಿಸಿದ ಮೊದಲ ದಿನಗಳಲ್ಲಿ ದೇಹ ತನ್ನ ಅಡುಗೆಯನ್ನು ತಾನೇ ಹೂಡಿಕೊಂಡಿರುತ್ತದೆ. ಗ್ಲಾಸ್ಗೋದ ಡೇವಿಡ್ ಕತ್‌ಬರ್ಟ್‌ಸನ್ 1930ರ ಆಸುಪಾಸಿನಲ್ಲಿ ಮೂಳೆ ಮುರಿದವರ ಮೂತ್ರ ಪರೀಕ್ಷಿಸಿ, ಅದರಲ್ಲಿ ನೈಟ್ರೋಜನ್ ವಿಪರೀತ ಹೋಗುತ್ತಿರುವುದನ್ನು ಕಂಡರು. ಅದು ಕರಗಿದ ಸ್ನಾಯುವಿನ ಲೆಕ್ಕ. ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳ ಹುಕುಮಿಗೆ ಸ್ನಾಯು ಕರಗುತ್ತದೆ, ಯಕೃತ್ತು ಅದರಿಂದ ಸಕ್ಕರೆ ಮಾಡುತ್ತದೆ. ನಾವು ಹೊರಗಿನಿಂದ ಸಕ್ಕರೆ ಸುರಿದರೂ ಆ ಒಲೆ ಆರುವುದಿಲ್ಲ. ಕೊಟ್ಟದ್ದೆಲ್ಲ ಅದರ ಮೇಲೆ ಪೇರುತ್ತದೆ. 2011ರಲ್ಲಿ ಬೆಲ್ಜಿಯಂನ ಸಂಶೋಧಕರು 4,640 ಐಸಿಯು ರೋಗಿಗಳಲ್ಲಿ ಇದನ್ನೇ ಒರೆಗೆ ಹಚ್ಚಿದರು. ಟ್ಯೂಬಿನಲ್ಲಿ ಸಾಲದೆ ಹೋದ ಆಹಾರವನ್ನು ಎರಡು ದಿನದೊಳಗೇ ರಕ್ತನಾಳದಿಂದ ತುಂಬಿಸಿಕೊಂಡವರಿಗಿಂತ, ಎಂಟನೆಯ ದಿನದವರೆಗೆ ಕಾದವರಿಗೆ ಸೋಂಕು ಕಡಿಮೆ, ಚೇತರಿಕೆ ಬೇಗ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಮಾತ್ರ ಫಾಸ್ಫೇಟ್ ಎಂಬ ಲವಣ. ಮಾವ ನ್ಯುಮೋನಿಯಾ ಜೋರಾಗುವ ಮುಂಚೆ ಎರಡು ವಾರದಿಂದ ಸರಿಯಾಗಿ ಉಂಡಿರಲಿಲ್ಲ. ಅಂಥವರಿಗೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ಆಗುವುದೇನು? ಇನ್ಸುಲಿನ್ ಏರುತ್ತದೆ, ಜೀವಕೋಶಗಳ ಬಾಗಿಲು ತೆರೆದು ಸಕ್ಕರೆ ಒಳನುಗ್ಗುತ್ತದೆ. ಬಂದ ಸಕ್ಕರೆ ಮತ್ತೆ ಹೊರಗೋಡದಂತೆ ಕೋಶ ಅದಕ್ಕೊಂದು ಫಾಸ್ಫೇಟ್ ಕಟ್ಟುತ್ತದೆ. ಕೊಟ್ಟಿಗೆಗೆ ಬಂದ ದನವನ್ನು ಹಗ್ಗ ಹಾಕಿ ಗೂಟಕ್ಕೆ ಕಟ್ಟುವುದಿಲ್ಲವೇ, ಹಾಗೆ. ಬರಗಾಲದಲ್ಲಿ ಮನೆಯ ಹಗ್ಗವೆಲ್ಲ ಸವೆದು ನಾಲ್ಕೇ ಉಳಿದಿವೆ ಎಂದುಕೊಳ್ಳಿ. ಒಂದೇ ಸಂಜೆ ನೂರು ದನ ನುಗ್ಗಿದವು. ಬಾವಿಯ ಹಗ್ಗವನ್ನೂ ಬಿಚ್ಚಿ ದನ ಕಟ್ಟಿದಿರಿ. ಈಗ ನೀರು ಸೇದುವುದು ಯಾವುದರಿಂದ? ಕೋಶದ ಬಾವಿಹಗ್ಗವೇ ಅದಕ್ಕೆ ಕಸುವು ಒದಗಿಸುವ ಎಟಿಪಿ, ಮೂರು ಫಾಸ್ಫೇಟ್ ಹೊಸೆದ ಹಗ್ಗ. ಇನ್ನೊಂದು ಬಗೆಯಲ್ಲಿ ಹೇಳಬೇಕೆಂದರೆ, ಎಟಿಪಿ ಎಂಬುದು ಕಂಡಕ್ಟರನ ಚೀಲದ ಚಿಲ್ಲರೆ. ಬಸ್ಸು ಹತ್ತಿದವರೆಲ್ಲ ಐನೂರರ ನೋಟು ಹಿಡಿದಿದ್ದಾರೆ. ದುಡ್ಡಿಗೇನೂ ಬರವಿಲ್ಲ, ಟಿಕೆಟ್ ಮಾತ್ರ ಹರಿಯುವುದಿಲ್ಲ. ಹೃದಯದ ಬಡಿತ ತಪ್ಪುತ್ತದೆ, ಉಸಿರೆಳೆಯುವ ವಪೆ ಸೋಲುತ್ತದೆ. ಹಸಿದವನು ಉಂಡ ಮೇಲೆ ಸಾಯುವುದು ಹೀಗೆ.

1945ರ ಏಪ್ರಿಲ್ 15ರಂದು ಜರ್ಮನಿಯ ಬರ್ಗನ್-ಬೆಲ್ಸನ್ ಎಂಬ ನಾಜಿ ಸೆರೆಶಿಬಿರವನ್ನು ಬಿಡಿಸಿದ ಬ್ರಿಟಿಷ್ ಸೈನಿಕರು, ಎಲುಬಿನ ಹಂದರವಾಗಿದ್ದ ಕೈದಿಗಳಿಗೆ ಕರುಣೆಯಿಂದ ತಮ್ಮ ಡಬ್ಬಿ ಮಾಂಸವನ್ನೇ ಕೊಟ್ಟರು. ಟೈಫಸ್ ಜ್ವರದಿಂದ ಸಾಯುತ್ತಿದ್ದವರ ನಡುವೆ, ತಿಂದದ್ದು ತಾಳಲಾರದೆಯೂ ಅನೇಕರು ಸತ್ತರು. ಆಮೇಲೆ 1943ರ ಬಂಗಾಳದ ಬರದಲ್ಲಿ ಬಳಸಿದ್ದ ಹಾಲುಪುಡಿ, ಸಕ್ಕರೆಯ ಮಿಶ್ರಣವನ್ನು ಅಲ್ಲಿಗೆ ತರಿಸಿದರು. ನಮ್ಮ ನೆಲದ ಹಸಿವು ಕಲಿಸಿದ ಪಾಠ ಜರ್ಮನಿಗೆ ಹೋದದ್ದನ್ನು ನೆನೆದರೆ ಇವತ್ತಿಗೂ ಕರುಳು ಚುರುಕ್ಕೆನ್ನುತ್ತದೆ.

ಹಾಗಾಗಿಯೇ ಮಾವನಿಗೆ ಮೊದಲು ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್, ದಿನಾ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಪರೀಕ್ಷೆ, ಆಮೇಲೆ ಆ ಇಪ್ಪತ್ತು. ಸೊನ್ನೆಯೇ ಏಕಲ್ಲ ಎಂದರೆ, ಕರುಳಿನ ಒಳಪದರದ ಕೋಶಗಳು ತಮ್ಮ ಮುಂದೆ ಹರಿದುಹೋಗುವ ಆಹಾರದಿಂದಲೇ ತುತ್ತು ಎತ್ತಿಕೊಳ್ಳುತ್ತವೆ. ಏನೂ ಹರಿಯದಿದ್ದರೆ ಆ ಪದರ ಸೊರಗುತ್ತದೆ. ಅದಕ್ಕೇ ಬಿಪಿ ಸ್ಥಿರವಾಗಿದ್ದರೆ, ಐಸಿಯು ಸೇರಿದ 48 ಗಂಟೆಯೊಳಗೆ ಇಷ್ಟಿಷ್ಟೇ ಶುರುಮಾಡುವುದು. ಅತ್ತೆಯ ಗಂಜಿ ಟ್ಯೂಬಿನಲ್ಲಿ ಕಟ್ಟಿಕೊಳ್ಳುತ್ತದೆ, ಅದರಲ್ಲಿ ಏನು ಎಷ್ಟಿದೆ ಎಂಬ ಲೆಕ್ಕವೂ ಸಿಗದು. ಪಕ್ಕದ ಬೆಡ್ಡಿನವರು ತಂದ ಎಳನೀರಂತೂ ಕಿಡ್ನಿ ಸೋತವರಿಗೆ ಪೊಟ್ಯಾಸಿಯಂ ಏರಿಸಿ ಹೃದಯವನ್ನೇ ನಿಲ್ಲಿಸಬಲ್ಲದು.

ಅಂಕಿ ನಲವತ್ತಾಯಿತು, ಅರವತ್ತಾಯಿತು. ಮಾವ ಬದುಕಿದರು. ತೊಡೆಗಳು ಮಾತ್ರ ನನ್ನ ಮುಂಗೈಯಷ್ಟಾಗಿದ್ದವು. 2013ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಐಸಿಯು ರೋಗಿಗಳ ತೊಡೆಯ ಸ್ನಾಯು ಹತ್ತೇ ದಿನದಲ್ಲಿ ಸುಮಾರು 18% ಕರಗಿತ್ತು. ಒಲೆ ಆರಿ, ದೇಹ ಕಟ್ಟುವ ಕೆಲಸ ಶುರುವಾಗುವುದು ಈಗ. ಹೊಟ್ಟೆತುಂಬ ಉಣಿಸಬೇಕಾದದ್ದೂ ಈಗಲೇ. ಮನೆಯಲ್ಲಿ ಆದದ್ದು ತಿರುವುಮುರುವು. ಮೊಟ್ಟೆ ಬೇಡ, ನಂಜು. ಕಡಲೆಕಾಯಿ ನಂಜು. ಮೊಸರು ಶೀತ. ಬೇಳೆ ವಾಯು. ಪಥ್ಯ ಎಂದು ಮತ್ತೆ ಬರೀ ಗಂಜಿ. ಡಯಟೀಷಿಯನ್ ಬರೆದುಕೊಟ್ಟದ್ದು ದಿನಕ್ಕೆ 75 ಗ್ರಾಂ ಪ್ರೋಟೀನ್. ಒಂದು ಬಟ್ಟಲು ರಾಗಿ ಗಂಜಿಯಲ್ಲಿ ಇರುವುದು ಎರಡು ಗ್ರಾಂ. ಅತ್ತೆಯ ಮುಂದೆ ಕೂತು ಕ್ಯಾಲೆಂಡರಿನ ಹಿಂದುಗಡೆ ಭಾಗಾಕಾರ ಮಾಡಿದೆ: ಮೂವತ್ತೇಳೂವರೆ ಬಟ್ಟಲು. ಅವರು ಆ ಲೆಕ್ಕವನ್ನು ಎರಡು ಸಲ ಕೂಡಿ ನೋಡಿದರು. ಮಾತಾಡದೆ ಎದ್ದು, ಪಕ್ಕದ ಮನೆಗೆ ಹೋಗಿ ನಾಲ್ಕು ಮೊಟ್ಟೆ ತಂದರು.